ಚಿತ್ರದಲ್ಲಿದ್ದ ಲಿಲ್ಲಿ, ಬಕೆಟ್ಟಿನಲ್ಲಿದ್ದ ಸೇವಂತಿಗೆ: ಸಣ್ಣ ಊರಿನ ಒಂದು ಹೂವಿನ ಆರ್ಡರ್

ದೂರದ ನಗರದಲ್ಲಿರುವ ಮಗಳು, ಸಣ್ಣ ಊರಿನಲ್ಲಿರುವ ತಾಯಿ. ಶನಿವಾರ ತಾಯಿಗೆ 70 ತುಂಬುತ್ತದೆ. ಶುಕ್ರವಾರ ರಾತ್ರಿ 9:40ಕ್ಕೆ ಮಗಳು ಊರಿನ ಹೆಸರಿನ ಜೊತೆ 'ಹೂವು ಡೆಲಿವರಿ' ಎಂದು ಹುಡುಕಿ, ಮೊದಲು ಕಂಡ ವೆಬ್‌ಸೈಟಿನಲ್ಲಿ ಆರ್ಡರ್ ಕೊಟ್ಟಳು. ಸೈಟಿನ ಹೆಸರಿನಲ್ಲೇ ಊರಿನ ಹೆಸರಿತ್ತು, ಹಾಗಾಗಿ ಅದು ಅಲ್ಲಿನದೇ ಅಂಗಡಿ ಎಂದು ಯಾರಾದರೂ ನಂಬುತ್ತಿದ್ದರು. ಚಿತ್ರದಲ್ಲಿ ಇದ್ದದ್ದು 18 ನಸುಗೆಂಪು ಗುಲಾಬಿ, ಪೂರ್ತಿ ಅರಳಿದ ಬಿಳಿ ಲಿಲ್ಲಿ, ಮೂರು ಕಡ್ಡಿ ನೀಲಿ ಡೆಲ್ಫಿನಿಯಂ (ಉದ್ದನೆಯ ಕಡ್ಡಿಯ ತುಂಬ ಹೂ ಬಿಡುವಂಥದ್ದು), ನೀಲಗಿರಿ ಎಲೆ, ಗಾಜಿನ ಹೂದಾನಿ. ತಲುಪಬೇಕಾದ ಹೊತ್ತು ಬೆಳಿಗ್ಗೆ 11, ನೆಂಟರು ಬರುವ ಮುಂಚೆ.

ತಲುಪಿದ್ದು ಸಂಜೆ 4:20ಕ್ಕೆ. ಪ್ಲಾಸ್ಟಿಕ್ ತಟ್ಟೆಯಲ್ಲಿ ನೀರು ಹೀರಿಟ್ಟುಕೊಳ್ಳುವ ಫೋಮ್, ಅದಕ್ಕೆ ಚುಚ್ಚಿದ 10 ಗುಲಾಬಿ (ಅದರಲ್ಲೂ ಎರಡು ಬೇರೆ ಬೇರೆ ಛಾಯೆ), 5 ಕಡ್ಡಿ ಬಿಳಿ ಸೇವಂತಿಗೆ, ಸುತ್ತ ಜಿಪ್ಸೋಫಿಲಾ ಎಂಬ ಪುಟ್ಟ ಬಿಳಿ ಹೂವು. ಲಿಲ್ಲಿ ಇಲ್ಲ, ಡೆಲ್ಫಿನಿಯಂ ಇಲ್ಲ, ಹೂದಾನಿಯೂ ಇಲ್ಲ. ಕನ್ನಡದಲ್ಲಿ ಟೈಪ್ ಮಾಡಿದ್ದ ಸಂದೇಶ ಕಾರ್ಡಿನ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಅಚ್ಚಾಗಿತ್ತು. ಭಾನುವಾರ ಸಂಜೆಗೆ ನಾಲ್ಕು ಗುಲಾಬಿ ಕತ್ತು ಬಗ್ಗಿಸಿದವು. ಸೋಮವಾರಕ್ಕೆ ಏಳು.

ಇದು ಒಂದು ಮಾದರಿ ಪ್ರಕರಣ. ಇಂಥ ಆರ್ಡರ್‌ಗಳಲ್ಲಿ ಪದೇ ಪದೇ ಕಾಣುವ ತಪ್ಪುಗಳನ್ನೆಲ್ಲ ಒಂದೇ ಕಡೆ ಇಟ್ಟು ನೋಡಲು ಜೋಡಿಸಿದ್ದು. ಓದಿದ ತಕ್ಷಣ 'ಅಂಗಡಿಯವರು ಮೋಸ ಮಾಡಿದರು' ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಹೂವು ಕಟ್ಟಿದ ಅಂಗಡಿಯ ಪಾಲು ಇದರಲ್ಲಿ ತೀರಾ ಸಣ್ಣದು.

ಆರ್ಡರ್ ಹೋದ ದಾರಿ

ಮಗಳು ಹಣ ಕಟ್ಟಿದ ಸೈಟಿಗೆ ಆ ಊರಿನಲ್ಲಿ ಅಂಗಡಿಯೇ ಇರಲಿಲ್ಲ. ಅದು ಆರ್ಡರ್ ಹಿಡಿದು, ಒಂದು ಜಾಲದ ಮೂಲಕ ಊರಿನ ಅಂಗಡಿಗೆ ದಾಟಿಸುವ ಮಧ್ಯವರ್ತಿ. ಈ ವ್ಯವಸ್ಥೆ ಹೊಸದಲ್ಲ. ಅಮೆರಿಕದ ಹೂವಿನ ವ್ಯಾಪಾರಿಗಳು 1910ರಲ್ಲಿ 'ಫ್ಲೋರಿಸ್ಟ್ಸ್ ಟೆಲಿಗ್ರಾಫ್ ಡೆಲಿವರಿ' ಎಂಬ ಕೂಟ ಕಟ್ಟಿಕೊಂಡು, ಒಂದು ಊರಿನ ಅಂಗಡಿಯಲ್ಲಿ ಕೊಟ್ಟ ಆರ್ಡರನ್ನು ತಂತಿಯ ಮೂಲಕ ಇನ್ನೊಂದು ಊರಿನ ಅಂಗಡಿಗೆ ಕಳಿಸಲು ಶುರು ಮಾಡಿದ್ದರು. ಆಗ ಎರಡೂ ತುದಿಯಲ್ಲಿ ಹೂವು ಗೊತ್ತಿದ್ದವರೇ ಇರುತ್ತಿದ್ದರು. ಈಗ ಆರ್ಡರ್ ಹಿಡಿಯುವ ತುದಿಯಲ್ಲಿ ಬಹಳ ಸಲ ಬರೀ ಒಂದು ಪುಟ, ಒಂದು ಚಿತ್ರ, ಒಂದು ಕಾಲ್ ಸೆಂಟರ್.

ದುಡ್ಡಿನ ಲೆಕ್ಕ ಇಲ್ಲಿಂದಲೇ ಹಳಿ ತಪ್ಪುತ್ತದೆ. ಮಗಳು ಕಟ್ಟಿದ್ದನ್ನು 100 ಭಾಗ ಅಂದುಕೊಳ್ಳಿ. ಕೊನೆಯ ಪುಟದಲ್ಲಿ ಸೇರಿಕೊಂಡ 'ಸೇವಾ ಶುಲ್ಕ' 18 ಭಾಗ, ಅದು ಸೈಟಿನಲ್ಲೇ ಉಳಿಯಿತು. ಹೂವಿನ ಬೆಲೆ ಎಂದು ತೋರಿಸಿದ್ದು 82. ಇಂಥ ಜಾಲಗಳಲ್ಲಿ ಬಹುಕಾಲದಿಂದ ನಡೆದುಬಂದ ಹಂಚಿಕೆ ಎಂದರೆ ಆರ್ಡರ್ ಹಿಡಿದವರಿಗೆ ಶೇ. 20, ಜಾಲಕ್ಕೆ ಶೇ. 7, ಹೂವು ಕಟ್ಟಿ ತಲುಪಿಸುವವರಿಗೆ ಶೇ. 73. ಅಂದರೆ 82ರಲ್ಲಿ ಊರಿನ ಅಂಗಡಿಗೆ ಸಿಕ್ಕಿದ್ದು ಸುಮಾರು 60. ಗಾಡಿಯ ಖರ್ಚು ಅದರೊಳಗಿಂದಲೇ ಹೋಗಬೇಕು, ಅದಕ್ಕೆ 12 ತೆಗೆಯಿರಿ. ಉಳಿದದ್ದು 48. ಚಿತ್ರದಲ್ಲಿದ್ದದ್ದು 82ರ ಹೂವು. ಅಂಗಡಿಯವರು ತಮ್ಮ ಮಾಮೂಲಿ ದರದಲ್ಲಿ ಕಟ್ಟಬಹುದಾಗಿದ್ದದ್ದು 48ರದ್ದು. ಹೂದಾನಿ ಬದಲು ತಟ್ಟೆ ಬಂದದ್ದು, 18 ಗುಲಾಬಿ 10 ಆದದ್ದು ಈ ಲೆಕ್ಕದ ಫಲ. ಸೈಟಿನಲ್ಲಿ ಹೆಚ್ಚು ಬೆಲೆಯ 'ಡೀಲಕ್ಸ್' ಗುಚ್ಛದ ಗುಂಡಿ ಒತ್ತಿದ್ದರೂ ನಡುವಿನ ಕಡಿತ ಅದೇ ಅನುಪಾತದಲ್ಲಿ ಏರುತ್ತಿತ್ತು, ಅಷ್ಟೆ.

ಮಧ್ಯವರ್ತಿ ಸೈಟನ್ನು ಗುರುತಿಸುವುದು ಕಷ್ಟವಲ್ಲ. ಅಂಗಡಿಯ ಬೀದಿ ವಿಳಾಸ ಎಲ್ಲೂ ಇರುವುದಿಲ್ಲ, ಅಥವಾ ಇದ್ದ ವಿಳಾಸವನ್ನು ನಕ್ಷೆಯಲ್ಲಿ ಹಾಕಿದರೆ ಅಲ್ಲಿ ಹೂವಿನಂಗಡಿ ಕಾಣುವುದಿಲ್ಲ. ಅದೇ ಪುಟ, ಅದೇ ಚಿತ್ರಗಳು ಊರಿನ ಹೆಸರನ್ನಷ್ಟೇ ಬದಲಿಸಿಕೊಂಡು ಬೇರೆ ಹತ್ತಾರು ಊರಿಗೂ ಸಿಗುತ್ತವೆ. ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ ಫೋನಿನಲ್ಲಿ ಕೇಳುವ ಒಂದೇ ಪ್ರಶ್ನೆ: "ಈ ಹೊತ್ತು ನಿಮ್ಮ ಬಕೆಟ್ಟಿನಲ್ಲಿ ಯಾವ ಯಾವ ಹೂವು ಇದೆ?" ಅಂಗಡಿಯಲ್ಲಿ ನಿಂತವರು ತಲೆ ತಿರುಗಿಸಿ ನೋಡಿ ಹೇಳುತ್ತಾರೆ. ಕಾಲ್ ಸೆಂಟರಿನವರು "ಎಲ್ಲಾ ಹೂವೂ ಸಿಗುತ್ತೆ" ಅನ್ನುತ್ತಾರೆ. ಎಲ್ಲಾ ಹೂವೂ ಎಲ್ಲಾ ದಿನವೂ ಸಿಗುವ ಅಂಗಡಿ ಸಣ್ಣ ಊರಿನಲ್ಲಿ ಇರುವುದಿಲ್ಲ.

ಊರಿನ ನಿಜವಾದ ಅಂಗಡಿಯ ನಂಬರ್ ಹುಡುಕಾಟದ ಮೊದಲ ಪುಟದಲ್ಲಿ ಸಿಗದಿರಬಹುದು. ಆಗ ಆ ಊರಿನ ಮದುವೆ ಮಂಟಪಕ್ಕೋ ಆಸ್ಪತ್ರೆಯ ಸ್ವಾಗತ ಮೇಜಿಗೋ ಫೋನ್ ಮಾಡಿ "ನಿಮ್ಮಲ್ಲಿಗೆ ಹೂವು ತರುವವರು ಯಾರು?" ಎಂದು ಕೇಳುವುದೇ ಹತ್ತಿರದ ದಾರಿ. ಅವರ ಬಳಿ ಒಂದೆರಡು ನಂಬರ್ ಇದ್ದೇ ಇರುತ್ತವೆ, ಯಾರು ಹೊತ್ತಿಗೆ ಸರಿಯಾಗಿ ಬರುತ್ತಾರೆ ಎನ್ನುವುದೂ ಗೊತ್ತಿರುತ್ತದೆ.

ಲಿಲ್ಲಿ ಸಿಗುವ ಮಾತೇ ಇರಲಿಲ್ಲ

ಪ್ರಕರಣದ ತಿರುಳು ಇದು. ದುಡ್ಡು ಪೂರ್ತಿ ಅಂಗಡಿಗೇ ಹೋಗಿದ್ದರೂ ಶನಿವಾರ ಬೆಳಿಗ್ಗೆ ಅರಳಿದ ಲಿಲ್ಲಿ ಬರುತ್ತಿರಲಿಲ್ಲ.

ಸಣ್ಣ ಊರಿನ ಅಂಗಡಿಗೆ ಹೂವು ದಿನಾ ಬರುವುದಿಲ್ಲ. ಈ ಅಂಗಡಿಗೆ ಲೋಡು ಬರುವುದು ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ನಸುಕಿಗೆ. ಏನು ಬೇಕೆಂಬ ಪಟ್ಟಿಯನ್ನು ಸಗಟು ವ್ಯಾಪಾರಿಗೆ ಎರಡು ದಿನ ಮುಂಚೆ ಕೊಡಬೇಕು: ಮಂಗಳವಾರದ ಲೋಡಿಗೆ ಭಾನುವಾರ, ಶುಕ್ರವಾರದ್ದಕ್ಕೆ ಬುಧವಾರ. ಶುಕ್ರವಾರ ರಾತ್ರಿ ಬಂದ ಆರ್ಡರ್‌ಗೆ ಸಿಗುವುದು ಅಂಗಡಿಯಲ್ಲಿ ಆಗ ಇದ್ದದ್ದು ಮಾತ್ರ.

ಲಿಲ್ಲಿಯ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತದೆ. ಅದು ಮಾರುಕಟ್ಟೆಗೆ ಬರುವುದೇ ಮುಚ್ಚಿದ ಮೊಗ್ಗಾಗಿ. ಅರಳಿದ್ದನ್ನು ಸಾಗಿಸಿದರೆ ಎಸಳು ಕಂದುತ್ತದೆ, ಪರಾಗ ಮೆತ್ತಿಕೊಳ್ಳುತ್ತದೆ. ಕೋಣೆಯ ಶಾಖದಲ್ಲಿ ಮೊಗ್ಗು ಬಿರಿಯಲು 2ರಿಂದ 4 ದಿನ ಹಿಡಿಯುತ್ತದೆ. ಅಂದಮೇಲೆ ಶುಕ್ರವಾರ ಬಂದ ಲಿಲ್ಲಿ ಶನಿವಾರ ಹಸಿರು ಕಾಯಿಯಂತೆಯೇ ಇರುತ್ತದೆ. ಶನಿವಾರಕ್ಕೆ ಅರಳಿರಬೇಕಾದರೆ ಅದು ಮಂಗಳವಾರದ ಲೋಡಿನಲ್ಲೇ ಇಳಿಯಬೇಕು, ಅದಕ್ಕೆ ಭಾನುವಾರವೇ ಹೇಳಿರಬೇಕು. ಆರು ದಿನ ಮುಂಚೆ.

ಡೆಲ್ಫಿನಿಯಂಗೆ ಬೇರೆ ತೊಡಕು. ಸಗಟಿನಲ್ಲಿ ಹೂವು ಕಟ್ಟಿನ ಲೆಕ್ಕದಲ್ಲಿ ಬರುತ್ತದೆ, ಹೂವಿನ ಜಾತಿ ನೋಡಿಕೊಂಡು 5, 10, 20 ಅಥವಾ 25ರ ಕಟ್ಟು. ಮೂರು ಕಡ್ಡಿ ಬೇಕೆಂದು ಹತ್ತರ ಕಟ್ಟು ತರಿಸಿದರೆ ಉಳಿದ ಏಳನ್ನು ಆ ಊರಿನಲ್ಲಿ ಕೊಳ್ಳುವವರು ಯಾರು? ನಗರದ ಅಂಗಡಿ ಅದನ್ನು ಅರ್ಧ ದಿನದಲ್ಲಿ ಖಾಲಿ ಮಾಡುತ್ತದೆ. ಇಲ್ಲಿ ಅದು ಗೊಬ್ಬರದ ಗುಂಡಿಗೆ. ಆದ್ದರಿಂದ ಸಣ್ಣ ಅಂಗಡಿಗಳು ತರಿಸುವುದು ಎಲ್ಲರೂ ಕೇಳುವ, ಬಾಳಿಕೆಯ ಹೂವನ್ನು: ಗುಲಾಬಿ, ಸೇವಂತಿಗೆ, ಕಾರ್ನೇಷನ್, ಜರ್ಬೆರಾ, ಗ್ಲಾಡಿಯೋಲಸ್, ಜಿಪ್ಸೋಫಿಲಾ. ಇವುಗಳಲ್ಲೇ ಒಳ್ಳೆಯ ಗುಚ್ಛ ಕಟ್ಟಬಹುದು. ಚಿತ್ರದ ಹೂವನ್ನೇ ಹಟ ಹಿಡಿದು ಕೇಳಿದರೆ ಸಿಗುವುದು ಬಡಕಲು ನಕಲು.

ಇನ್ನೊಂದು ಸಂಗತಿ ಆರ್ಡರ್ ಕೊಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಆ ಶನಿವಾರ ಊರಿನಲ್ಲಿ ಒಂದು ಮದುವೆ ಇತ್ತು. ಶುಕ್ರವಾರದ ಲೋಡಿನ ಗುಲಾಬಿಯೆಲ್ಲ ಅದಕ್ಕೆ ಮೊದಲೇ ಮೀಸಲಾಗಿತ್ತು. ಜಾಲದಿಂದ ಬಂದ ಆರ್ಡರ್‌ಗೆ ಹೋದದ್ದು ಮಂಗಳವಾರದ ಉಳಿಕೆ, ಅಂಗಡಿಗೆ ಬಂದು ನಾಲ್ಕು ದಿನವಾಗಿದ್ದ ಗುಲಾಬಿ. ನಸುಗೆಂಪು ಹತ್ತು ಇರಲಿಲ್ಲ, ಅದಕ್ಕೇ ಎರಡು ಛಾಯೆ.

ಕತ್ತು ಬಗ್ಗಿದ್ದೇಕೆ

ಗುಲಾಬಿ ಬಾಡುವುದಕ್ಕೂ ಕತ್ತು ಬಗ್ಗಿಸುವುದಕ್ಕೂ ವ್ಯತ್ಯಾಸವಿದೆ. ಎಸಳು ಇನ್ನೂ ಬಣ್ಣಗೆಡದೆ, ಮೊಗ್ಗು ಅರ್ಧ ಬಿರಿದಿರುವಾಗಲೇ ಹೂವಿನ ಕೆಳಗಿನ ಎಳೆ ದಂಟು ಬಾಗಿ ತಲೆ ಕೆಳಗಾದರೆ, ನೀರು ಮೇಲಕ್ಕೆ ತಲುಪುತ್ತಿಲ್ಲ ಎಂದೇ ಅರ್ಥ. ದಂಟಿನೊಳಗಿನ ನೀರ್ನಾಳಗಳಲ್ಲಿ ಗಾಳಿಗುಳ್ಳೆ ಸೇರಿರುತ್ತದೆ, ಇಲ್ಲವೇ ಕೊಳೆತ ನೀರಿನ ಬ್ಯಾಕ್ಟೀರಿಯಾ ಕಟ್ಟಿಕೊಂಡಿರುತ್ತದೆ. ಎಲೆಗಳು ಮಾತ್ರ ನೀರು ಆರಿಸುತ್ತಲೇ ಇರುತ್ತವೆ. ಕತ್ತಿನ ಭಾಗ ಇನ್ನೂ ಗಟ್ಟಿಯಾಗಿರದ ಕಾರಣ ಮೊದಲು ಸೋಲುವುದು ಅದೇ.

ಇಲ್ಲಿ ಮೂರು ಕಾರಣ ಒಟ್ಟಿಗೆ ಬಂದವು. ಹೂವು ಹಳೆಯದಿತ್ತು ಎನ್ನುವುದು ಮೊದಲನೆಯದು.

ಎರಡನೆಯದು ಫೋಮ್. ಒಣ ಫೋಮ್ ಇಟ್ಟಿಗೆಯನ್ನು ನೀರಿನ ಮೇಲೆ ಬಿಟ್ಟು, ಅದು ತಾನಾಗಿ ಮುಳುಗುವ ತನಕ ಕಾಯಬೇಕು; ಒಂದೆರಡು ನಿಮಿಷದ ಕೆಲಸ. ಅವಸರದಲ್ಲಿ ಕೈಯಿಂದ ಒತ್ತಿ ಮುಳುಗಿಸಿದರೆ ಹೊರಗೆಲ್ಲ ಒದ್ದೆಯಾಗಿ ನಡುವೆ ಒಣ ಗಡ್ಡೆ ಉಳಿಯುತ್ತದೆ, ಅಲ್ಲಿಗೆ ಹೋದ ದಂಟಿಗೆ ಹನಿ ನೀರೂ ಇಲ್ಲ. ಚುಚ್ಚಿದ ದಂಟನ್ನು ಸ್ವಲ್ಪ ಹಿಂದಕ್ಕೆಳೆದು ಎತ್ತರ ಸರಿ ಮಾಡಿದರೂ ತುದಿಯ ಕೆಳಗೆ ಗಾಳಿಯ ತೂತು ಉಳಿಯುತ್ತದೆ. ಅಂಥ ಸಂದರ್ಭದಲ್ಲಿ ದಂಟನ್ನು ಪೂರ್ತಿ ತೆಗೆದು ಹೊಸ ಜಾಗದಲ್ಲಿ ಚುಚ್ಚಬೇಕು. ಒಮ್ಮೆ ಒಣಗಿದ ಫೋಮ್ ಮತ್ತೆ ಮೊದಲಿನಂತೆ ನೀರು ಹೀರುವುದಿಲ್ಲ. ತಾಯಿಯ ಮನೆಯಲ್ಲಿ ಆದದ್ದೂ ಅದೇ: ತಟ್ಟೆಗೆ ದಿನಾ ನೀರು ಹಾಕಬೇಕೆಂದು ಯಾರೂ ಹೇಳಿರಲಿಲ್ಲ. ಗಾಡಿಯಲ್ಲಿ ನೀರು ಚೆಲ್ಲುವುದಿಲ್ಲ, ಹೂವು ಅಲುಗುವುದಿಲ್ಲ ಎಂದು ಅಂಗಡಿಗೆ ಫೋಮ್ ಅನುಕೂಲ. ಮನೆಯಲ್ಲಿ ವಾರವಿಡೀ ಇರಬೇಕಾದ ಗುಲಾಬಿಗೆ ನೀರು ತುಂಬಿದ ಹೂದಾನಿಯೇ ಮೇಲು.

ಮೂರನೆಯದು ಗಾಡಿ. ಕತ್ತರಿಸಿದ ಹೂವೂ ಉಸಿರಾಡುತ್ತದೆ, ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟದ ವೇಗ ಎರಡು ಮೂರು ಪಟ್ಟಾಗುತ್ತದೆ. 2ರಿಂದ 4 ಡಿಗ್ರಿಯ ಕೂಲರಿನಿಂದ ತೆಗೆದ ಗುಲಾಬಿಯನ್ನು ಬಿಸಿಲಿಗೆ ಕಾದ ಮುಚ್ಚಿದ ಗಾಡಿಯಲ್ಲಿ ನಾಲ್ಕು ತಾಸು ಸುತ್ತಾಡಿಸಿದರೆ, ಕೂಲರಿನಲ್ಲಿ ದಿನಗಟ್ಟಲೆ ಉಳಿಸಿದ್ದ ಆಯುಸ್ಸು ಅಲ್ಲೇ ಕರಗುತ್ತದೆ.

ಅಂದಹಾಗೆ, ಗಾಡಿಯ ಹೊಗೆಯಲ್ಲೂ ಮಾಗುವ ಹಣ್ಣಿನಲ್ಲೂ ಇರುವ ಎಥಿಲೀನ್ ಅನಿಲ ಕಾರ್ನೇಷನ್, ಡೆಲ್ಫಿನಿಯಂನಂಥ ಹೂವುಗಳಿಗೆ ಶತ್ರು. ಕಾರ್ನೇಷನ್ ಮುದುಡಿ ನಿದ್ದೆ ಹೋದಂತಾಗುತ್ತದೆ, ಡೆಲ್ಫಿನಿಯಂ ಹೂವು ಉದುರಿಸುತ್ತದೆ. ಆ ಗಾಡಿಯಲ್ಲಿ ಡೆಲ್ಫಿನಿಯಂ ಇಲ್ಲದೇ ಹೋದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು.

ನಾಲ್ಕು ತಾಸು ಎಲ್ಲಿ ಹೋಯಿತು

ಡ್ರೈವರ್ ಅಂಗಡಿ ಬಿಟ್ಟದ್ದು 12:15ಕ್ಕೆ. '11ರೊಳಗೆ' ಎಂಬ ಮಾತು ಸೈಟಿನ ಷರಾ ಕಾಲಮ್ಮಿನಲ್ಲೇ ಉಳಿದು, ಅಂಗಡಿಗೆ ಹೋದ ಪ್ರತಿಯಲ್ಲಿ 'ಶನಿವಾರ, ಹಗಲು' ಎಂದಷ್ಟೇ ಇತ್ತು. 12:50ಕ್ಕೆ ಬೀದಿ ಸಿಕ್ಕಿತು, ಮನೆ ಸಿಗಲಿಲ್ಲ. ಸಣ್ಣ ಊರುಗಳಲ್ಲಿ ಮನೆ ನಂಬರಿಗಿಂತ ಗುರುತೇ ದೊಡ್ಡದು, ನಕ್ಷೆಯ ಚುಕ್ಕಿ ಎಷ್ಟೋ ಸಲ ಬೀದಿಯ ನಟ್ಟನಡುವೆ ಬಿದ್ದಿರುತ್ತದೆ. ಪಡೆಯುವವರ ಫೋನ್ ನಂಬರ್ ಎಂಬಲ್ಲಿ ಮಗಳು ತನ್ನದೇ ನಂಬರ್ ಕೊಟ್ಟಿದ್ದಳು, ಅಮ್ಮನಿಗೆ ಮುಂಚೆಯೇ ಗೊತ್ತಾಗಬಾರದು ಎಂದು. ಕರೆ ಹೋಗುವಾಗ ಅವಳ ಫೋನ್ ಸೈಲೆಂಟ್‌ನಲ್ಲಿತ್ತು. ಡ್ರೈವರ್ ಮಿಕ್ಕ ಡೆಲಿವರಿಗಳನ್ನು ಮುಗಿಸಿ, ಮದುವೆ ಮಂಟಪಕ್ಕೂ ಹೋಗಿ, 4:20ಕ್ಕೆ ಮತ್ತೆ ಬಂದ.

ಗುಟ್ಟು ಕಾಪಾಡುವುದಕ್ಕೆ ನಂಬರ್ ಬಚ್ಚಿಡಬೇಕಿಲ್ಲ. "ಒಂದು ಪಾರ್ಸೆಲ್ ಇದೆ, ಮನೇಲಿ ಇರ್ತೀರಾ?" ಎಂದಷ್ಟೇ ಕೇಳಿ ಎಂದರೆ ಅಂಗಡಿಯವರು ಹಾಗೇ ಮಾಡುತ್ತಾರೆ. ಅದಕ್ಕೂ ಮನಸ್ಸಿಲ್ಲದಿದ್ದರೆ ಪಕ್ಕದ ಮನೆಯವರ ನಂಬರ್ ಕೊಡಿ.

ದೂರು

ಹಣ ಪಡೆದವರು ಸೈಟಿನವರು, ಆದ್ದರಿಂದ ಹೊಣೆಯೂ ಅವರದೇ. ಅಂಗಡಿಗೆ ಫೋನ್ ಮಾಡಿ ಕೂಗಾಡಿದರೆ ಬರುವುದೇನೂ ಇಲ್ಲ. ದೂರು ನಿಲ್ಲಬೇಕಾದರೆ ಹೂವು ತಲುಪಿದ ಒಂದೆರಡು ತಾಸಿನೊಳಗೆ ಫೋಟೋ ತೆಗೆದಿರಬೇಕು: ಇಡೀ ಗುಚ್ಛ ಕಾಣುವಂತೆ ಒಂದು, ದಂಟಿನ ಬುಡ ಅಥವಾ ಫೋಮ್ ಕಾಣುವಂತೆ ಒಂದು, ಕಾರ್ಡಿನದು ಒಂದು. ಜೊತೆಗೆ ಆರ್ಡರ್ ಮಾಡುವಾಗಿನ ಪುಟದ ಸ್ಕ್ರೀನ್‌ಶಾಟ್. ಇಲ್ಲಿ ಫೋಟೋ ತೆಗೆದದ್ದು ಸೋಮವಾರ, ಹೂವು ಕತ್ತು ಬಗ್ಗಿಸಿದ ಮೇಲೆ. 'ನೀರು ಹಾಕಿಲ್ಲ' ಎಂದು ಜಾರಿಕೊಳ್ಳಲು ಸೈಟಿಗೆ ಅಷ್ಟೇ ಸಾಕಾಯಿತು. ಕಡೆಗೆ ಸಿಕ್ಕಿದ್ದು ಮುಂದಿನ ಆರ್ಡರ್‌ಗೆ ರಿಯಾಯಿತಿ ಕೂಪನ್. ಕೂಪನ್ ಎಂದರೆ ಅದೇ ತಪ್ಪನ್ನು ಇನ್ನೊಮ್ಮೆ ಕೊಳ್ಳಲು ಕೊಟ್ಟ ಚೀಟಿ. ದೂರು ಕೊಡುವಾಗಲೇ ಬೇಕಾದ್ದನ್ನು ಸ್ಪಷ್ಟವಾಗಿ ಕೇಳಬೇಕು: ಹೂವಿನ ಬದಲಾವಣೆಯನ್ನು ಮೊದಲೇ ತಿಳಿಸಿಲ್ಲ, ಹೊತ್ತು ತಪ್ಪಿದೆ, ಆದ್ದರಿಂದ ಇಷ್ಟು ಹಣ ವಾಪಸ್ ಬೇಕು, ಅಥವಾ ಮುಂದಿನ ಲೋಡು ಬಂದ ದಿನ ಹೊಸ ಗುಚ್ಛ ಕಳಿಸಿ.

ಮಗಳಿಗೆ ಬಂದ ಒಂದೇ ಲಾಭವೆಂದರೆ ತಟ್ಟೆಯ ಅಡಿಯಲ್ಲಿ ಅಂಟಿಸಿದ್ದ ಊರಿನ ಅಂಗಡಿಯ ಚೀಟಿ. ಅದರ ಮೇಲೆ ಫೋನ್ ನಂಬರ್ ಇತ್ತು.

ಎರಡನೆಯ ಆರ್ಡರ್

ಎರಡು ತಿಂಗಳ ನಂತರ ಅದೇ ಮನೆಗೆ, ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವಕ್ಕೆ. ದಿನ ಬುಧವಾರ. ಮಗಳು ಹಿಂದಿನ ಬುಧವಾರ ಬೆಳಿಗ್ಗೆಯೇ ಅಂಗಡಿಗೆ ಫೋನ್ ಮಾಡಿದಳು. ಹೂವಿನ ಹೆಸರು ಹೇಳುವ ಮುಂಚೆ ಕೇಳಿದ್ದು ಲೋಡಿನ ಬಗ್ಗೆ:

"ಬರೋ ಬುಧವಾರಕ್ಕೆ ಒಂದು ಗುಚ್ಛ ಬೇಕಿತ್ತು. ನಿಮಗೆ ಹೂವು ಯಾವತ್ತು ಬರುತ್ತೆ?"

"ಮಂಗಳವಾರ, ಶುಕ್ರವಾರ ಮೇಡಂ. ಬುಧವಾರ ಅಂದ್ರೆ ಗುಲಾಬಿ ಹಿಂದಿನ ದಿನದ್ದೇ ಸಿಗುತ್ತೆ."

"ಬಿಳಿ ಲಿಲ್ಲಿ ಅರಳಿರೋದು ಸಿಗುತ್ತಾ?"

"ಅದನ್ನ ಈ ಶುಕ್ರವಾರದ ಲೋಡಿಗೆ ಹಾಕ್ಬೇಕು. ಪಟ್ಟಿ ಇವತ್ತೇ ಹೋಗುತ್ತೆ. ಐದರ ಕಟ್ಟು ಬರುತ್ತೆ, ಪೂರ್ತಿ ನೀವೇ ತಗೊಂಡ್ರೆ ತರಿಸ್ತೀನಿ."

"ಆಗಲಿ. ನೀಲಿ ಡೆಲ್ಫಿನಿಯಂ?"

"ಬೇಡ ಮೇಡಂ, ದಾರಿಯಲ್ಲೇ ಉದುರುತ್ತೆ. ಎತ್ತರಕ್ಕೆ ಬಿಳಿ ಗ್ಲಾಡಿಯೋಲಸ್ ಹಾಕ್ತೀನಿ."

ಎರಡು ನಿಮಿಷದ ಮಾತು, ಹಿಂದಿನ ಸಲದ ತಪ್ಪುಗಳಲ್ಲಿ ಅರ್ಧ ಅಲ್ಲೇ ಕಳೆದವು. ಹೂವನ್ನು ಬದಲಿಸುವ ಮಾತನ್ನು ಹೀಗೆ ಮೊದಲೇ ಆಡಿಬಿಡಬೇಕು. ಗುಚ್ಛದಲ್ಲಿ ಪ್ರತಿ ಹೂವಿಗೂ ಒಂದು ಕೆಲಸವಿರುತ್ತದೆ: ಎತ್ತರ ಕೊಡುವುದು, ಕಣ್ಣು ಸೆಳೆಯುವುದು, ಸಂದು ತುಂಬುವುದು. ಎತ್ತರದ್ದಕ್ಕೆ ಎತ್ತರದ್ದು, ದೊಡ್ಡ ಹೂವಿಗೆ ದೊಡ್ಡ ಹೂವು ಬಂದರೆ ಆಕಾರ ಕೆಡುವುದಿಲ್ಲ. ಲಿಲ್ಲಿ ಸಿಗದಿದ್ದರೆ ಒಂದು ಕಡ್ಡಿಗೆ ಒಂದೇ ದೊಡ್ಡ ಹೂವು ಬಿಟ್ಟ ಸೇವಂತಿಗೆ ಆ ಜಾಗದಲ್ಲಿ ನಿಲ್ಲುತ್ತದೆ. ಸಣ್ಣ ಹೂವಿನ ಸೇವಂತಿಗೆ ನಿಲ್ಲುವುದಿಲ್ಲ. ಮೊದಲ ಗುಚ್ಛ ಕಳಾಹೀನವಾಗಿ ಕಂಡದ್ದು ಇದೇ ಕಾರಣಕ್ಕೆ.

ಅಂಗಡಿಗೆ ಹೇಳಬೇಕಾದದ್ದು ಒಂದೇ: ಯಾವುದು ಬದಲಾಗಬಾರದು? ಬಣ್ಣವೋ, ಹೂವೋ, ಹೊತ್ತೋ. ಮೂರೂ ಬೇಕೆಂದರೆ ವಾರಕ್ಕಿಂತ ಮುಂಚೆ ಹೇಳಿ. ನಾಳೆಗೆ ಬೇಕೆಂದರೆ ಬಣ್ಣ ಮತ್ತು ಹೊತ್ತನ್ನು ಹಿಡಿದು ಹೂವನ್ನು ಅಂಗಡಿಯವರಿಗೆ ಬಿಟ್ಟುಬಿಡಿ. 'ನಸುಗೆಂಪು, ಬಿಳಿ, ಇಷ್ಟು ದುಡ್ಡಿಗೆ, ನಿಮ್ಮ ಹತ್ತಿರ ಚೆನ್ನಾಗಿರುವುದನ್ನು ಹಾಕಿ' ಎಂಬ ಆರ್ಡರ್‌ಗೆ ಬರುವಷ್ಟು ತಾಜಾ ಹೂವು ಚಿತ್ರ ತೋರಿಸಿದ ಆರ್ಡರ್‌ಗೆ ಬರುವುದಿಲ್ಲ.

ಫೋನಿನ ಮಾತು ಮುಗಿದ ಮೇಲೆ ಮಗಳು ಅದನ್ನೇ ಬರೆದು ಕಳಿಸಿದಳು:

"ಬುಧವಾರ, ಬೆಳಿಗ್ಗೆ 10ರಿಂದ 12ರೊಳಗೆ. ಗುಲಾಬಿ ನಸುಗೆಂಪು 15, ಲಿಲ್ಲಿ ಬಿಳಿ 5 ಕಡ್ಡಿ, ಗ್ಲಾಡಿಯೋಲಸ್ ಬಿಳಿ 5, ಹಸಿರೆಲೆ. ಫೋಮ್ ಬೇಡ, ಕೈಗುಚ್ಛ ಕಟ್ಟಿ, ಬುಡಕ್ಕೆ ಒದ್ದೆ ಹತ್ತಿ ಸುತ್ತಿ. ಬಣ್ಣ ಬದಲಿಸಬೇಡಿ, ಹೂವು ಬದಲಿಸುವುದಾದರೆ ಮಂಗಳವಾರ ಸಂಜೆಯೊಳಗೆ ತಿಳಿಸಿ. ನೀರಿನ ಟ್ಯಾಂಕಿನ ಎದುರು, ಹಸಿರು ಗೇಟು, ಮೊದಲ ಮಹಡಿ. ಮನೆಯ ನಂಬರ್, ಪಕ್ಕದ ಮನೆಯ ನಂಬರ್ ಕೆಳಗಿದೆ. ಕಾರ್ಡಿನ ಮಾತು ಫೋಟೋದಲ್ಲಿದೆ, ಅದನ್ನು ನೋಡಿ ಕೈಯಲ್ಲೇ ಬರೆಯಿರಿ. ಗಾಡಿಗೆ ಹಾಕುವ ಮುಂಚೆ ಒಂದು ಫೋಟೋ ಕಳಿಸಿ."

ಸರಿಯಾಗಿ 11ಕ್ಕೆ ಎನ್ನುವ ಬದಲು ಎರಡು ತಾಸಿನ ಅವಧಿ ಕೊಟ್ಟದ್ದನ್ನು ಗಮನಿಸಿ. ಒಂದೇ ಗಾಡಿ ಇರುವ ಅಂಗಡಿ 11 ಎಂದು ಒಪ್ಪಿಕೊಂಡರೂ ಅದು ಮಾತಿಗೆ ಅಷ್ಟೇ. 10ರಿಂದ 12 ಎಂದರೆ ಅವರು ದಾರಿಯನ್ನು ಅದಕ್ಕೆ ತಕ್ಕಂತೆ ಜೋಡಿಸಿಕೊಳ್ಳುತ್ತಾರೆ.

ಆಸ್ಪತ್ರೆಗೆ ಕಳಿಸುವುದಾದರೆ ವಾರ್ಡು, ಹಾಸಿಗೆ ನಂಬರ್ ಅದೇ ಬೆಳಿಗ್ಗೆ ಖಚಿತ ಮಾಡಿಕೊಳ್ಳಬೇಕು. ತೀವ್ರ ನಿಗಾ ಘಟಕಕ್ಕೆ ಸಾಮಾನ್ಯವಾಗಿ ಹೂವು ಬಿಡುವುದಿಲ್ಲ. ಬೆಕ್ಕು ಸಾಕಿರುವ ಮನೆಗೆ ಲಿಲ್ಲಿ ಕಳಿಸಲೇಬಾರದು. ಎಲೆ, ಪರಾಗ, ಹೂದಾನಿಯ ನೀರು ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ, ಸಾಯಲೂಬಹುದು.

ಅಂಗಡಿಯೊಳಗೆ ನಡೆದದ್ದು ಹೀಗೆ. ಶುಕ್ರವಾರ ಬಂದ ಲಿಲ್ಲಿಯನ್ನು ಎರಡು ದಿನ ಕೂಲರಿನಲ್ಲಿಟ್ಟು ಭಾನುವಾರ ಸಂಜೆ ಹೊರಗೆ ತೆಗೆದರು. ಬುಧವಾರಕ್ಕೆ ಪ್ರತಿ ಕಡ್ಡಿಯಲ್ಲಿ ಒಂದು ಹೂವು ಅರಳಿ, ಇನ್ನೊಂದು ಬಿರಿಯುತ್ತ, ಮಿಕ್ಕವು ಮೊಗ್ಗಾಗಿ ಉಳಿದಿದ್ದವು. ಮಂಗಳವಾರ ಬಂದ ಗುಲಾಬಿಯ ಕೆಳಗಿನ ಎಲೆ ಬಿಡಿಸಿ, ಬುಡವನ್ನು 2ರಿಂದ 3 ಸೆ.ಮೀ. ಓರೆಯಾಗಿ ಕತ್ತರಿಸಿ, ತೊಳೆದ ಬಕೆಟ್ಟಿನಲ್ಲಿ ಕೆಲವು ತಾಸು ನೀರು ಕುಡಿಯಲು ಬಿಟ್ಟು, ರಾತ್ರಿ ಕೂಲರಿನಲ್ಲಿಟ್ಟರು. ಪೆಟ್ಟಿಗೆಯಿಂದ ತೆಗೆದ ಗುಲಾಬಿಯನ್ನು ನೇರ ಗುಚ್ಛಕ್ಕೆ ಕಟ್ಟಿದರೆ ಮರುದಿನವೇ ತಲೆ ಬಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಲೋಡು ಬಂದ ದಿನಕ್ಕಿಂತ ಅದರ ಮರುದಿನ ಡೆಲಿವರಿ ಕೇಳುವುದು ವಾಸಿ. ಈ ಅಂಗಡಿಯ ಮಟ್ಟಿಗೆ ಬುಧವಾರ ಮತ್ತು ಶನಿವಾರ ಒಳ್ಳೆಯ ದಿನ, ಸೋಮವಾರ ಎಲ್ಲಕ್ಕಿಂತ ಕೆಟ್ಟದ್ದು. ಆರ್ಕಿಡ್, ಆಂಥೂರಿಯಂ ಬೇಕೆಂದರೆ ಒಂದು ಎಚ್ಚರ: ಇವು ಬಿಸಿನಾಡಿನ ಹೂವು, ಗುಲಾಬಿಯ ಕೂಲರಿನ ಚಳಿ ಇವಕ್ಕೆ ಆಗುವುದಿಲ್ಲ. ಆಂಥೂರಿಯಂ 12 ಡಿಗ್ರಿಗಿಂತ ತಣ್ಣಗಿನ ಜಾಗದಲ್ಲಿದ್ದರೆ ಕಪ್ಪಗಾಗುತ್ತದೆ. ಒಂದೇ ಕೂಲರ್ ಇರುವ ಅಂಗಡಿಯಲ್ಲಿ ಅದನ್ನು ಎಲ್ಲಿಟ್ಟಿದ್ದಾರೆ ಎಂದು ಕೇಳಿ.

ಹಣದ ಲೆಕ್ಕ: ಅದೇ 100 ಭಾಗ ನೇರ ಅಂಗಡಿಗೆ. ಗಾಡಿಗೆ 12, ಹೂವಿಗೆ 88. ಹಿಂದಿನ 48ರ ಪಕ್ಕ ಇಟ್ಟು ನೋಡಿ.

ಮನೆಗೆ ಬಂದ ಮೇಲೆ

10:50ಕ್ಕೆ ತಲುಪಿತು. ಅಂಗಡಿಯವರು ಕಳಿಸಿದ್ದ ಫೋಟೋವನ್ನು ಮಗಳು ಅಪ್ಪನಿಗೆ ದಾಟಿಸಿದ್ದಳು, ಜೊತೆಗೆ ಏನು ನೋಡಬೇಕೆಂದೂ ಹೇಳಿದ್ದಳು. ಗುಲಾಬಿ ಮೊಗ್ಗಿನ ಬುಡವನ್ನು, ಎಸಳು ಶುರುವಾಗುವ ಕಡೆ, ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಗಟ್ಟಿಯಾಗಿರಬೇಕು, ಮೆತ್ತಗಿದ್ದರೆ ಹಳೆಯದು. ಹೊರಗಿನ ಒಂದೆರಡು ಎಸಳು ಕಂದಿದ್ದರೆ ಅದು ದೋಷವಲ್ಲ, ಒಳಗಿನದನ್ನು ಕಾಯಲು ಬಿಟ್ಟದ್ದು, ಕಿತ್ತು ಹಾಕಬಹುದು. ದಂಟಿನ ಬುಡ ಕಪ್ಪಗೆ ಲೋಳೆಯಾಗಿದ್ದರೆ ಬಹಳ ದಿನ ಕೊಳೆ ನೀರಿನಲ್ಲಿತ್ತು ಎಂದರ್ಥ. ಗ್ಲಾಡಿಯೋಲಸ್ ಕೆಳಗಿನಿಂದ ಮೇಲಕ್ಕೆ ಅರಳುತ್ತದೆ, ಬರುವಾಗ ಬುಡದ ಒಂದೆರಡು ಹೂವು ಮಾತ್ರ ಬಿರಿದಿದ್ದರೆ ಅದೇ ಸರಿ.

ಹೂದಾನಿಯನ್ನು ಸೋಪು ಹಾಕಿ ತಿಕ್ಕಿ ತೊಳೆದು, ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ಎಲೆಯೂ ಇರದಂತೆ ಬಿಡಿಸಿ, ಬುಡ ಮತ್ತೆ 2 ಸೆ.ಮೀ. ಕತ್ತರಿಸಿದ ಕೂಡಲೇ ನೀರಿಗಿಟ್ಟರು. ಅಂಗಡಿಯವರು ಕೊಟ್ಟ ಹೂವಿನ ಪುಡಿಯಲ್ಲಿ ಸಕ್ಕರೆ, ಆಮ್ಲ, ಬ್ಯಾಕ್ಟೀರಿಯಾ ತಡೆಯುವ ಅಂಶ ಮೂರೂ ಇರುತ್ತವೆ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಒಂದು ಪೊಟ್ಟಣ. ಉಳಿಸೋಣವೆಂದು ಎರಡು ಪಟ್ಟು ನೀರಿಗೆ ಹಾಕಿದರೆ ಬ್ಯಾಕ್ಟೀರಿಯಾ ಸಾಯುವಷ್ಟು ಮದ್ದಿಲ್ಲದೆ, ಬೆಳೆಯುವಷ್ಟು ಸಕ್ಕರೆ ಮಾತ್ರ ಉಳಿಯುತ್ತದೆ. ಪುಡಿ ಇಲ್ಲದಿದ್ದರೆ ದಿನಾ ನೀರು ಬದಲಿಸುವುದೇ ಸಾಕು. ತಾಮ್ರದ ನಾಣ್ಯ, ಆಸ್ಪಿರಿನ್ ಮಾತ್ರೆಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಹಣ್ಣಿನ ಬುಟ್ಟಿಯಿಂದ, ಬಿಸಿಲು ಬೀಳುವ ಕಿಟಕಿಯಿಂದ ದೂರ ಇಟ್ಟರು.

ಮೂರನೇ ದಿನ ಒಂದು ಗುಲಾಬಿ ತಲೆ ಬಾಗಿಸಿತು. ಅದನ್ನು ಹೊರತೆಗೆದು, ಬುಡವನ್ನು 5 ಸೆ.ಮೀ. ಕತ್ತರಿಸಿ, ಕತ್ತು ನೆಟ್ಟಗಿರುವಂತೆ ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಆಳವಾಗಿ ಎರಡು ತಾಸು ನಿಲ್ಲಿಸಿದಾಗ ಎದ್ದು ನಿಂತಿತು. ಬಾಗಿದ ದಿನವೇ ಮಾಡಿದರೆ ಇದು ಎಷ್ಟೋ ಸಲ ಫಲಿಸುತ್ತದೆ, ಎರಡು ದಿನ ಕಳೆದ ಮೇಲೆ ಇಲ್ಲ. ಗುಲಾಬಿಗಳು ಎಂಟನೇ ದಿನದವರೆಗೂ ಇದ್ದವು. ಲಿಲ್ಲಿಯ ಕೊನೆಯ ಮೊಗ್ಗು ಬಿರಿದದ್ದು ಒಂಬತ್ತನೇ ದಿನ.

ಈ ಸಲವೂ ಒಂದು ತಪ್ಪಾಯಿತು. ಲಿಲ್ಲಿ ಅರಳಿದ ಕೂಡಲೇ ನಡುವಿನ ಕೇಸರಗಳ ತುದಿಯಲ್ಲಿರುವ ಪರಾಗದ ಚೀಲಗಳನ್ನು ಚಿವುಟಿ ತೆಗೆಯಬೇಕು, ಅವು ಇನ್ನೂ ಒಡೆಯದೆ ನುಣ್ಣಗಿರುವಾಗಲೇ. ಅಂಗಡಿಯವರು ಅರಳಿದ್ದವನ್ನು ತೆಗೆದಿದ್ದರು, ಆಮೇಲೆ ಬಿರಿದವನ್ನು ಮನೆಯಲ್ಲಿ ಯಾರೂ ತೆಗೆಯಲಿಲ್ಲ. ಮೇಜಿನ ಬಟ್ಟೆಯ ಮೇಲೆ ಅರಿಸಿನ ಚೆಲ್ಲಿದಂತೆ ಕಲೆ. ಅಮ್ಮ ಒದ್ದೆ ಬಟ್ಟೆ ತಂದು ಉಜ್ಜಿದರು, ಕಲೆ ಇನ್ನೂ ಒಳಗಿಳಿಯಿತು. ಲಿಲ್ಲಿಯ ಪರಾಗಕ್ಕೆ ನೀರು ತಾಗಿಸಬಾರದು, ಕೈಯಿಂದ ಉಜ್ಜಬಾರದು. ಒಣಗಿರುವಾಗಲೇ ಅಂಟು ಟೇಪನ್ನು ಮೆಲ್ಲಗೆ ಒತ್ತಿ ಎತ್ತಬೇಕು, ಪ್ರತಿ ಸಲ ಹೊಸ ತುಂಡು. ಬಟ್ಟೆಯನ್ನು ಬಿಸಿಲಿಗೆ ಹರಡಿದರೆ ಉಳಿದ ಮಬ್ಬು ಕಲೆ ಬಹುಮಟ್ಟಿಗೆ ಮಾಸುತ್ತದೆ.